ಜಿಂಕೆ ಬಂದಿತ್ತು, ಕ್ಯಾಮೆರಾ ನಿದ್ದೆ ಹೋಗಿತ್ತು!



ಹೋದ ತಿಂಗಳ ಕಾರ್ಯಕ್ರಮದಲ್ಲಿ ಊರಿನ ಹೊಲ-ಗದ್ದೆ ಮಾತು ಬಂದಾಗ, ‘ನಮ್ಮಣ್ಣನ ಹೊಲದಲ್ಲಿ ಜಿಂಕೆ ಕಾಯೋಕೆ ಒಂದು ಕ್ಯಾಮೆರಾ ಕಟ್ಟಿದ್ದೇವೆ’ ಅಂತ ಹೇಳಿಬಿಟ್ಟೆ. ಅಷ್ಟೇ! ಮರುದಿನದಿಂದ ಫೋನಿನ ಮೇಲೆ ಫೋನು. ‘ಅದೆಂಥ ಕ್ಯಾಮೆರಾರೀ?’, ‘ನಮ್ಮ ತೋಟಕ್ಕೂ ಆಗತ್ತಾ?’, ‘ನಾವೂ ತರಿಸಿ ಕಟ್ಟಿದ್ವಿ, ಬರೀ ಹುಲ್ಲಿನ ಫೋಟೋ ಬರ್ತಿದೆ, ಏನು ಮಾಡೋದು?’ ಎಲ್ಲರಿಗೂ ಫೋನಿನಲ್ಲಿ ಉತ್ತರ ಹೇಳುವಷ್ಟರಲ್ಲಿ ಗಂಟಲು ಕಟ್ಟಿತು. ಅದಕ್ಕೇ ಈ ಬಾರಿ ಬರೆದೇ ಹೇಳುತ್ತಿದ್ದೇನೆ.

ಮೊದಲು ನಮ್ಮ ಮನೆಯ ಕಥೆ. ನಾನು ನಿಮ್ಮಂತೆಯೇ ಮುಂಬೈ ಲೋಕಲ್ಲಿನಲ್ಲಿ ನೇತಾಡುವವನು. ಅಣ್ಣ ಇರುವುದು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರ ಕಾಡಿನ ಅಂಚಿನ ಒಂದು ಊರಲ್ಲಿ. ಹಿಂಗಾರಿನಲ್ಲಿ ಹುರುಳಿ ಹಾಕುತ್ತಾನೆ. ಹುರುಳಿ ಚಿಗುರಿತು ಅಂದರೆ ಸಾಕು, ಕಾಡಿನಿಂದ ನೆಂಟರು ಹೊರಡುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಸಾಲು ಸಾಲಾಗಿ ಕುಡಿ ಮಾಯ. ಯಾರು ತಿಂದರು? ಜಿಂಕೆಯೋ, ಕಾಡುಹಂದಿಯೋ, ಕಡವೆಯೋ, ಪಕ್ಕದವರ ಬೀಡಾಡಿ ದನವೋ? ಗೊತ್ತಾಗದೆ ಅಣ್ಣ ರಾತ್ರಿಯಿಡೀ ಅಟ್ಟಣೆ ಮೇಲೆ ಕೂತು ಕಾಯುತ್ತಿದ್ದ. ಆನೆ ಓಡಾಡುವ ಜಾಗ ಅದು. ಅತ್ತಿಗೆಗೆ ಮನೆಯಲ್ಲಿ ನಿದ್ದೆಯಿಲ್ಲ, ನನಗೆ ಇಲ್ಲಿ ನಿದ್ದೆಯಿಲ್ಲ. ಅಷ್ಟರಲ್ಲಿ ಊರಿನವರೊಬ್ಬರು ‘ಬೇಲಿಗೆ ಲೈನಿಂದ ಕರೆಂಟು ಕೊಟ್ಟುಬಿಡು’ ಎಂದು ಸಲಹೆ ಬೇರೆ ಕೊಟ್ಟರಂತೆ. ಇದನ್ನು ಕೇಳಿ ನನ್ನ ಎದೆ ಧಸಕ್ ಅಂದಿತು. ಆ ತಂತಿಗೆ ಜಿಂಕೆ ಸಿಕ್ಕಬಹುದು, ಆನೆ ಸಿಕ್ಕಬಹುದು, ಕತ್ತಲಲ್ಲಿ ಅಣ್ಣನೇ ಸಿಕ್ಕಬಹುದು!

‘ಮೊದಲು ಯಾರು, ಯಾವಾಗ, ಎಲ್ಲಿಂದ ಬರ್ತಾರೆ ಅಂತ ನೋಡೋಣ. ಆಮೇಲೆ ಮುಂದಿನ ಮಾತು’ ಎಂದು ಒಂದು ಟ್ರೇಲ್ ಕ್ಯಾಮೆರಾ ತರಿಸಿ ಊರಿಗೆ ಒಯ್ದೆ. ಡಬ್ಬಿಯಿಂದ ತೆಗೆದು, ಸೆಲ್ ಹಾಕಿ, ಬೇವಿನ ಮರಕ್ಕೆ ಕಟ್ಟಿ ಮುಂಬೈಗೆ ವಾಪಸು. ಹತ್ತು ದಿನ ಬಿಟ್ಟು ಅಣ್ಣನ ಫೋನು: ‘ಏನ್ಲಾ ತಮ್ಮ, ನಿನ್ ಕ್ಯಾಮ್ರ ಜಿಂಕೆ ಒಂದ್ ಬಿಟ್ಟು ಮಿಕ್ಕಿದ್ದೆಲ್ಲಾ ಹಿಡ್ದದೆ ಕಣಪ್ಪ!’

ಕಾರ್ಡಿನಲ್ಲಿ ಸಾವಿರಾರು ಫೋಟೋ. ಎಲ್ಲವೂ ಗಾಳಿಗೆ ತೂಗುವ ಒಂದೇ ಕೊಂಬೆಯದು! ನಾಲ್ಕನೇ ದಿನಕ್ಕೆ ಸೆಲ್ ಖಾಲಿ. ಹುರುಳಿ ಮೇಯ್ದು ಹೋದದ್ದು ಏಳನೇ ರಾತ್ರಿ. ಆಗ ಅರ್ಥವಾಯಿತು: ಕ್ಯಾಮೆರಾ ಕೊಂಡರೆ ಸಾಲದು, ಅದಕ್ಕೆ ಕೆಲಸ ಹೇಳಿಕೊಡಬೇಕು.

ಇದು ಹೊಸದೇನಲ್ಲ

ಪ್ರಾಣಿಯೇ ತನ್ನ ಫೋಟೋ ತೆಗೆದುಕೊಳ್ಳುವಂತೆ ಮಾಡುವ ಉಪಾಯಕ್ಕೆ ನೂರು ವರ್ಷಕ್ಕೂ ಮೀರಿದ ವಯಸ್ಸು. ಅದು ಶುರುವಾದದ್ದೂ ಜಿಂಕೆಯಿಂದಲೇ! ಅಮೆರಿಕದ ಜಾರ್ಜ್ ಶಿರಾಸ್ ಎಂಬ ವಕೀಲರು ಮಿಶಿಗನ್ ಕಾಡುಗಳಲ್ಲಿ ರಾತ್ರಿ ಹೊತ್ತು ಬಿಳಿಬಾಲದ ಜಿಂಕೆಗಳ ಫೋಟೋ ತೆಗೆದರು. ದಾರಿಗೆ ಅಡ್ಡ ದಾರ ಕಟ್ಟಿ, ಜಿಂಕೆ ತಗುಲಿದ ಕೂಡಲೇ ಕ್ಯಾಮೆರಾ ಚಾಲೂ ಆಗುವ ವ್ಯವಸ್ಥೆಯನ್ನೂ ಮಾಡಿದ್ದರು. 1906ರ ಜುಲೈಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವರ 74 ಚಿತ್ರಗಳನ್ನು ಪ್ರಕಟಿಸಿತು. ನಮ್ಮ ದೇಶದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಇದೇ ರೀತಿ ತಂತಿ ಕಟ್ಟಿ ಹುಲಿಗಳ ಫೋಟೋ ತೆಗೆದು 1927ರಲ್ಲಿ ಪುಸ್ತಕ ತಂದರು.

ಈ ಆಟವನ್ನು ಗಟ್ಟಿ ವಿಜ್ಞಾನವಾಗಿ ಮಾಡಿದವರಲ್ಲಿ ಮುಂದೆ ನಿಲ್ಲುವವರು ನಮ್ಮವರೇ ಆದ ಡಾ. ಉಲ್ಲಾಸ ಕಾರಂತರು, ಶಿವರಾಮ ಕಾರಂತರ ಮಗ. ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಹುಲಿಯ ಪಟ್ಟೆಯನ್ನು ನಮ್ಮ ಬೆರಳಚ್ಚಿನ ಹಾಗೆ ಓದಿ, ಎಷ್ಟು ಹುಲಿಗಳಿವೆ ಎಂದು ಲೆಕ್ಕ ಹಾಕುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಮುಂದೆ 2018ರ ರಾಷ್ಟ್ರೀಯ ಹುಲಿ ಗಣತಿಯಲ್ಲಿ ದೇಶದ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಮೂರೂವರೆ ಕೋಟಿಯಷ್ಟು ಫೋಟೋ ತೆಗೆದದ್ದು ಗಿನ್ನೆಸ್ ದಾಖಲೆಗೂ ಸೇರಿತು. ಅದರಲ್ಲಿ ಹುಲಿಯ ಫೋಟೋ ಎಷ್ಟು ಗೊತ್ತೇ? 76,651 ಮಾತ್ರ! ಆದ್ದರಿಂದ ನಿಮ್ಮ ಕಾರ್ಡಿನಲ್ಲಿ ಬೇಕಾದದ್ದಕ್ಕಿಂತ ಬೇಡವಾದದ್ದೇ ಹೆಚ್ಚು ಬಂದರೆ ಬೇಜಾರು ಬೇಡ.

ಕ್ಯಾಮೆರಾದ ಕಣ್ಣು ಕಾಣುವುದು ಏನನ್ನು?

ಟ್ರೇಲ್ ಕ್ಯಾಮೆರಾ ಸದಾ ಎಚ್ಚರವಿರುವುದಿಲ್ಲ. ಅರೆನಿದ್ದೆಯಲ್ಲಿರುತ್ತದೆ. ಅದನ್ನು ಎಬ್ಬಿಸುವುದು ಮುಂಭಾಗದಲ್ಲಿರುವ ಒಂದು ಸಣ್ಣ ಸೆನ್ಸರು. ಬೆಂಗಳೂರಿನ ಆಫೀಸುಗಳಲ್ಲಿ ನಾವು ಒಳಗೆ ಕಾಲಿಟ್ಟ ಕೂಡಲೇ ದೀಪ ಹತ್ತುತ್ತದಲ್ಲ, ಅದೇ ಜಾತಿಯದು. ಇದಕ್ಕೆ ರೂಪ ಕಾಣುವುದಿಲ್ಲ, ಬಣ್ಣ ಕಾಣುವುದಿಲ್ಲ. ಶಾಖ ಮಾತ್ರ ಕಾಣುತ್ತದೆ. ಅದೂ ಎರಡು ಷರತ್ತು ಸೇರಿದಾಗ: ಸುತ್ತಲಿನ ಬಿಸಿಗಿಂತ ಬೇರೆ ಬಿಸಿ ಇರುವ ವಸ್ತು ಇರಬೇಕು, ಮತ್ತು ಅದು ಅಲುಗಾಡಬೇಕು.

ಇಷ್ಟು ತಿಳಿದರೆ ಅರ್ಧ ಸಮಸ್ಯೆ ತಾನೇ ಬಿಡಿಸಿಕೊಳ್ಳುತ್ತದೆ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಜಿಂಕೆಯ ಮೈ ಬೆಚ್ಚಗೆ, ಸುತ್ತಲೂ ತಣ್ಣಗೆ. ವ್ಯತ್ಯಾಸ ದೊಡ್ಡದು, ದೂರದಿಂದಲೇ ಹಿಡಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಸುತ್ತಲಿನ ನೆಲ, ಬಂಡೆ ಎಲ್ಲ ಜಿಂಕೆಯ ಮೈಯಷ್ಟೇ ಕಾದಿರುವಾಗ ಎದುರಿಗೇ ಹಾದು ಹೋದರೂ ಸೆನ್ಸರಿಗೆ ಗೊತ್ತಾಗದೆ ಹೋಗಬಹುದು. ಇನ್ನು ಬಿಸಿಲಿಗೆ ಕಾದ ಎಲೆ ಗಾಳಿಗೆ ಅಲ್ಲಾಡಿತೆನ್ನಿ, ಸೆನ್ಸರಿನ ಪಾಲಿಗೆ ಅದೂ ಒಂದು ಪ್ರಾಣಿ! ನಮ್ಮ ಬೇವಿನ ಕೊಂಬೆಯ ಸಾವಿರಾರು ಫೋಟೋಗಳ ರಹಸ್ಯ ಇದೇ.

ಒಂದೊಂದಾಗಿ ಸೆಟ್ಟಿಂಗ್ ನೋಡೋಣ

ತಾರೀಕು ಮತ್ತು ಸಮಯ: ಇದನ್ನು ಮೊದಲು ಹೇಳುತ್ತಿರುವುದಕ್ಕೆ ಕಾರಣವಿದೆ. ಎರಡನೇ ಸಲ ನಾನು ಬೆಳಿಗ್ಗೆ, ಸಂಜೆ ಅದಲುಬದಲು ಮಾಡಿ ಇಟ್ಟಿದ್ದೆ. ಜಿಂಕೆಗಳು ಸಂಜೆ ಐದಕ್ಕೆ ಬರುತ್ತಿವೆ ಎಂದು ಅಣ್ಣ ಸಂಜೆ ಹೋಗಿ ಕಾದ. ಅವು ಬಂದದ್ದು ಬೆಳಗಿನ ಐದಕ್ಕೆ! 24 ಗಂಟೆಯ ಲೆಕ್ಕದಲ್ಲೇ ಸಮಯ ಇಡಿ. ಫೋಟೋದ ಕೆಳಗೆ ತಾರೀಕು, ಸಮಯ ಅಚ್ಚಾಗುವ ಸೆಟ್ಟಿಂಗ್ ಆನ್ ಮಾಡಿ. ಸೆಲ್ ಬದಲಿಸಿದಾಗಲೆಲ್ಲ ಮತ್ತೊಮ್ಮೆ ನೋಡಿ. ಜಿಂಕೆ ಕಾಯುವವನಿಗೆ ಫೋಟೋಕ್ಕಿಂತ ಸಮಯವೇ ಮುಖ್ಯ.

ಫೋಟೋವೋ, ವಿಡಿಯೋವೋ: ವಿಡಿಯೋ ನೋಡಲು ಚೆನ್ನ, ಆದರೆ ಸೆಲ್ಲಿಗೂ ಕಾರ್ಡಿಗೂ ಭಾರ. ರಾತ್ರಿ ವಿಡಿಯೋ ತೆಗೆಯುವಾಗ ಅಷ್ಟೂ ಹೊತ್ತು ದೀಪ ಉರಿಯಬೇಕು. 20 ಸೆಕೆಂಡಿನ ಒಂದು ವಿಡಿಯೋ ಹತ್ತಾರು ಫೋಟೋಗಳ ಜಾಗ ತಿನ್ನುತ್ತದೆ. ನೀವು ಮುಂಬೈಯಲ್ಲಿ ಕೂತು, ಊರಿನವರು ಹದಿನೈದು ದಿನಕ್ಕೊಮ್ಮೆ ಕಾರ್ಡ್ ನೋಡುವ ಲೆಕ್ಕವಾದರೆ ಫೋಟೋವೇ ಸರಿ. ಜಿಂಕೆ ಬೇಲಿ ಹಾರಿತೋ, ನುಸುಳಿತೋ ಎಂದು ತಿಳಿಯಬೇಕಾದ ಒಂದು ಜಾಗದಲ್ಲಿ ಮಾತ್ರ 10ರಿಂದ 15 ಸೆಕೆಂಡಿನ ವಿಡಿಯೋ ಇಡಿ.

ಒಂದು ಸಲಕ್ಕೆ ಎಷ್ಟು ಫೋಟೋ: ಮೂರು ಇಡಿ. ಚುಕ್ಕೆ ಜಿಂಕೆ ಒಂಟಿಯಾಗಿ ಬರುವುದು ಕಡಿಮೆ, ಹಿಂಡಾಗಿ ಬರುತ್ತದೆ. ಮೊದಲ ಫೋಟೋದಲ್ಲಿ ಒಂದು ಹೆಣ್ಣು ಜಿಂಕೆಯ ಮೂತಿ, ಎರಡನೆಯದರಲ್ಲಿ ಅದರ ಮರಿ, ಮೂರನೆಯದರಲ್ಲಿ ಹಿಂದೆ ನಿಧಾನಕ್ಕೆ ಬರುವ ಕೊಂಬಿನ ಗಂಡು. ಒಂದೇ ಫೋಟೋ ತೆಗೆದಿದ್ದರೆ ‘ಒಂದು ಜಿಂಕೆ ಬಂದಿತ್ತು’ ಎಂದು ಬರೆದುಕೊಳ್ಳುತ್ತಿದ್ದಿರಿ.

ಎರಡು ಫೋಟೋಗಳ ನಡುವಿನ ಬಿಡುವು: ಬಹಳ ಜನ ಎಡವುವುದು ಇಲ್ಲೇ. ಬಿಡುವು ಎಂದರೆ ಒಮ್ಮೆ ಫೋಟೋ ತೆಗೆದ ಮೇಲೆ ಮತ್ತೆ ತೆಗೆಯುವ ಮುಂಚೆ ಕ್ಯಾಮೆರಾ ಸುಮ್ಮನಿರುವ ಸಮಯ. ಇದನ್ನು ಜಾಗ ನೋಡಿ ಇಡಬೇಕು. ಜಿಂಕೆಗಳು ನಡೆದು ಹೋಗುವ ಕಾಲುದಾರಿಯಾದರೆ ಬಿಡುವು ಕಡಿಮೆ ಇರಲಿ, 5ರಿಂದ 10 ಸೆಕೆಂಡು. ಅಲ್ಲಿ ಅವು ನಿಲ್ಲುವುದಿಲ್ಲ, ನಮ್ಮ ಡೋಂಬಿವಲಿ ಫಾಸ್ಟ್ ಹಾಗೆ ಬಂತು, ಹೋಯಿತು. ಆದರೆ ಮೇಯುವ ಜಾಗ, ನೀರಿನ ಜಾಗವೆಂದರೆ ಟರ್ಮಿನಸ್ ಇದ್ದ ಹಾಗೆ. ಬಂದವು ಅಲ್ಲೇ ನಿಲ್ಲುತ್ತವೆ. ಅಲ್ಲಿ ಒಂದರಿಂದ ಎರಡು ನಿಮಿಷ ಬಿಡುವು ಕೊಡಿ.

ಲೆಕ್ಕ ಹಾಕಿ ನೋಡಿ: ಒಂದು ಹಿಂಡು 20 ನಿಮಿಷ ಮೇಯಿತು ಅಂದುಕೊಳ್ಳಿ. ಸಲಕ್ಕೆ ಮೂರು ಫೋಟೋ, ಬಿಡುವು 10 ಸೆಕೆಂಡು ಇದ್ದರೆ ಹೆಚ್ಚುಕಡಿಮೆ 360 ಫೋಟೋ. ಬಿಡುವು ಒಂದು ನಿಮಿಷವಾದರೆ 60. ತಿಳಿಯಬೇಕಾದ ಸಂಗತಿ ಎರಡರಲ್ಲೂ ಒಂದೇ. ಆರನೇ ಒಂದು ಪಾಲು ಸೆಲ್ಲಿನಲ್ಲಿ ಅದೇ ಕೆಲಸ!

ಸೆನ್ಸರಿನ ಸೂಕ್ಷ್ಮತೆ: ಹೈ, ಮೀಡಿಯಂ, ಲೋ ಎಂದು ಮೂರು ಇರುತ್ತವೆ. ಕೆಲವದರಲ್ಲಿ ಆಟೋ ಕೂಡ ಉಂಟು. ಸುಡುಬೇಸಿಗೆಯಲ್ಲಿ ಹೈ ಇಡಿ. ಚಳಿಗಾಲದಲ್ಲಿ, ಗಾಳಿ ಇರುವ ಬಯಲಿನಲ್ಲಿ ಮೀಡಿಯಂ ಸಾಕು. ಜಿಂಕೆಯೇನು ಇಲಿಯಲ್ಲ, ಮೀಡಿಯಂನಲ್ಲೂ ಚೆನ್ನಾಗಿ ಸಿಗುತ್ತದೆ. ಬರ್ಕದಂಥ ಪುಟಾಣಿ ಪ್ರಾಣಿ ನೋಡಬೇಕಾದಾಗ ಮಾತ್ರ ಯಾವ ಕಾಲದಲ್ಲೂ ಹೈ.

ಮೆಗಾಪಿಕ್ಸೆಲ್ ಮೋಹ: ಡಬ್ಬಿಯ ಮೇಲೆ 24, 36, 48 ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಸಾಮಾನ್ಯವಾಗಿ ಒಳಗಿನ ನಿಜವಾದ ಸೆನ್ಸರು ಅದಕ್ಕಿಂತ ತೀರಾ ಚಿಕ್ಕದು. ಮಿಕ್ಕಿದ್ದನ್ನು ಕ್ಯಾಮೆರಾದ ಲೆಕ್ಕಾಚಾರ ಊದಿ ತೋರಿಸುತ್ತದೆ. ಹಿಟ್ಟಿಗೆ ನೀರು ಸುರಿದ ಹಾಗೆ. ದೋಸೆಯ ಸಂಖ್ಯೆ ಹೆಚ್ಚಬಹುದು, ರುಚಿ ಹೆಚ್ಚುವುದಿಲ್ಲ! ಫೈಲು ದೊಡ್ಡದಾಗುತ್ತದೆ, ಬರೆಯಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಮುಂದಿನ ಜಿಂಕೆ ದಾಟಿರುತ್ತದೆ. 4ರಿಂದ 8 ಮೆಗಾಪಿಕ್ಸೆಲ್ ಇಟ್ಟರೆ ಕೊಂಬಿನ ಕವಲು ಎಣಿಸಲು ಧಾರಾಳ.

ರಾತ್ರಿಯ ದೀಪ: ಇದು ಕೊಳ್ಳುವಾಗಲೇ ನೋಡಬೇಕಾದದ್ದು. ಬಿಳಿ ಫ್ಲ್ಯಾಶಿನದು ಬೇಡ, ಪ್ರಾಣಿ ಬೆದರುತ್ತದೆ. ಉಳಿದವು ಎರಡು ಬಗೆಯ ಇನ್‌ಫ್ರಾರೆಡ್. 850 ನ್ಯಾನೋಮೀಟರಿನದು ದೂರಕ್ಕೆ ಬೆಳಕು ಬೀರುತ್ತದೆ, ಆದರೆ ಉರಿದಾಗ ಮಂದವಾದ ಕೆಂಪು ಚುಕ್ಕೆ ಕಾಣುತ್ತದೆ. 940 ನ್ಯಾನೋಮೀಟರಿನದು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಬೆಳಕು ಹೋಗುವ ದೂರ ಕಡಿಮೆ, ಚಿತ್ರ ಸ್ವಲ್ಪ ಕಾಳುಕಾಳು. ಜಿಂಕೆಗಳ ಕಣ್ಣಿಗೆ ಕೆಂಪು ಬಣ್ಣ ಸರಿಯಾಗಿ ಕಾಣುವುದಿಲ್ಲ. ಅವುಗಳ ಕಣ್ಣು ಚುರುಕಾಗಿರುವುದು ನೀಲಿಗೆ. ಹಾಗಿದ್ದರೂ ಕತ್ತಲಲ್ಲಿ ಹತ್ತಿರದಿಂದ ಕೆಂಪು ಚುಕ್ಕೆಯತ್ತ ತಲೆಯೆತ್ತಿ ನೋಡುವ ಜಿಂಕೆಗಳುಂಟು. ಮನುಷ್ಯರ ಕಣ್ಣಿಗೆ ಬಿದ್ದು ಕ್ಯಾಮೆರಾ ಕಳುವಾಗುವ ಭಯವಿರುವ ಕಡೆ 940ರದ್ದೇ ಲೇಸು. ವಿಶಾಲವಾದ ಹೊಲಕ್ಕೆ 850.

ಕೆಲವು ಕ್ಯಾಮೆರಾಗಳಲ್ಲಿ ದೀಪದ ಶಕ್ತಿ ಹೆಚ್ಚು-ಕಡಿಮೆ ಮಾಡಬಹುದು. ಮೂರು ಮೀಟರ್ ಹತ್ತಿರದ ದಾರಿಗೆ ಪೂರ್ತಿ ಬೆಳಕು ಬಿಟ್ಟರೆ ಜಿಂಕೆ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತದೆ. ಚುಕ್ಕೆಯೂ ಇಲ್ಲ, ಕಣ್ಣೂ ಇಲ್ಲ. ಹತ್ತಿರಕ್ಕೆ ಕಡಿಮೆ ಬೆಳಕು, ದೂರಕ್ಕೆ ಹೆಚ್ಚು.

ಟೈಮ್ ಲ್ಯಾಪ್ಸ್: ಇದನ್ನು ಯಾರೂ ಮುಟ್ಟುವುದೇ ಇಲ್ಲ, ಆದರೆ ಹೊಲದವರಿಗೆ ಇದು ವರ. ಸೆನ್ಸರಿಗೆ ಕಾಣುವುದು ಸುಮಾರು 15-20 ಮೀಟರ್ ದೂರ. ಎರಡೆಕರೆ ಹೊಲದ ಆ ಮೂಲೆಯಲ್ಲಿ ಹಿಂಡು ಮೇಯುತ್ತಿದ್ದರೆ ಅದಕ್ಕೆ ಸುದ್ದಿಯೇ ಇಲ್ಲ. ಟೈಮ್ ಲ್ಯಾಪ್ಸ್ ಹಾಕಿದರೆ ಯಾರು ಬರಲಿ ಬಿಡಲಿ, ಗೊತ್ತು ಮಾಡಿದ ಸಮಯದಲ್ಲಿ ಐದು ನಿಮಿಷಕ್ಕೊಂದು ಫೋಟೋ ಬೀಳುತ್ತದೆ. ಬೆಳಿಗ್ಗೆ ಬೆಳಕು ಹರಿದ ಮೇಲೆ ಒಂದೂವರೆ ಗಂಟೆ, ಸಂಜೆ ಮುಳುಗುವ ಮುಂಚೆ ಒಂದೂವರೆ ಗಂಟೆ ಇಡಿ. ದಿನಕ್ಕೆ ನಲವತ್ತು ಫೋಟೋ ದಾಟುವುದಿಲ್ಲ. ರಾತ್ರಿಗೆ ಇದು ಪ್ರಯೋಜನವಿಲ್ಲ, ದೀಪ ಅಷ್ಟು ದೂರ ಹೋಗುವುದಿಲ್ಲವಲ್ಲ.

ಸೆಲ್ ಮತ್ತು ಕಾರ್ಡು: ಹೊಸ ಸೆಲ್ಲಿಗೆ ಹಳೆಯದನ್ನು ಬೆರೆಸಬೇಡಿ. ಒಂದು ಸೋತರೆ ಉಳಿದವನ್ನೂ ಎಳೆದುಕೊಂಡು ಬೀಳುತ್ತದೆ. ರೀಚಾರ್ಜ್ ಸೆಲ್ಲಿನ ಶಕ್ತಿ 1.2 ವೋಲ್ಟ್, ಮಾಮೂಲಿ ಸೆಲ್ಲಿನದು 1.5. ಎಂಟು ಸೆಲ್ ಸೇರಿದಾಗ 9.6ಕ್ಕೂ 12ಕ್ಕೂ ಇರುವ ಅಂತರ ನೋಡಿ. ಕೆಲವು ಕ್ಯಾಮೆರಾಗಳು ಇದನ್ನು ಒಪ್ಪುವುದಿಲ್ಲ. ಜೊತೆಗೆ ಬಂದ ಪುಸ್ತಕದಲ್ಲಿ ರೀಚಾರ್ಜ್ ಸೆಲ್ ಹಾಕಬಹುದೇ ಎಂದು ನೋಡಿಕೊಳ್ಳಿ. ಖರ್ಚಾದರೂ ಹೆಚ್ಚು ದಿನ ಬಾಳುವುದು ಲಿಥಿಯಂ ಸೆಲ್. ಕಾರ್ಡು 32 ಜಿಬಿ ಸಾಕು. ಕಂಪ್ಯೂಟರಿನಲ್ಲಿ ಅಳಿಸುವ ಬದಲು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಎರಡು ಕಾರ್ಡ್ ಇಟ್ಟುಕೊಂಡರೆ ಒಂದು ತೆಗೆದು ಇನ್ನೊಂದು ಹಾಕಿ ಬರಬಹುದು. ಹೊಲದಲ್ಲಿ ನಿಂತು ಫೋಟೋ ನೋಡುತ್ತಾ ಮೈವಾಸನೆ ಬಿಟ್ಟುಬರುವ ಪ್ರಮೇಯವಿಲ್ಲ.

ಎಲ್ಲಿ, ಎಷ್ಟು ಎತ್ತರಕ್ಕೆ ಕಟ್ಟಬೇಕು?

ಸೆಟ್ಟಿಂಗ್ ಎಷ್ಟೇ ಸರಿಯಿರಲಿ, ಕಟ್ಟುವುದರಲ್ಲಿ ಎಡವಿದರೆ ಎಲ್ಲವೂ ನೀರಲ್ಲಿ ಹೋಮ. ಬೆಳೆದ ಗಂಡು ಚುಕ್ಕೆ ಜಿಂಕೆಯ ಹೆಗಲು ಸುಮಾರು 90 ಸೆಂಟಿಮೀಟರ್ ಎತ್ತರ. ಕಡವೆಯದು ಒಂದೂವರೆ ಮೀಟರ್ ತನಕ ಹೋಗುತ್ತದೆ. ಬೊಗಳುವ ಜಿಂಕೆ ಅನ್ನುತ್ತೇವಲ್ಲ, ಆ ಕಾಡುಕುರಿಯದು ಅರ್ಧ ಮೀಟರ್ ಆಸುಪಾಸು. ಮೂರೂ ಸಿಗಬೇಕೆಂದರೆ ಕ್ಯಾಮೆರಾ ನೆಲದಿಂದ 60-80 ಸೆಂಟಿಮೀಟರ್ ಎತ್ತರದಲ್ಲಿರಲಿ. ನಿಮ್ಮ ಮಂಡಿಗಿಂತ ಮೇಲೆ, ಸೊಂಟಕ್ಕಿಂತ ಕೆಳಗೆ ಅಂತಿಟ್ಟುಕೊಳ್ಳಿ. ನಾನು ಮೊದಲ ಸಲ ನನ್ನ ಕಣ್ಣಿನ ಎತ್ತರಕ್ಕೆ ಕಟ್ಟಿದ್ದೆ. ಜಿಂಕೆ ಕೆಳಗಿಂದಲೇ ಹೋಗಿರಬೇಕು!

ಕಾಲುದಾರಿಗೆ ನೇರ ಅಡ್ಡಲಾಗಿ ಕಟ್ಟಿದರೆ ಕ್ಯಾಮೆರಾ ಏಳುವಷ್ಟರಲ್ಲಿ ಜಿಂಕೆಯ ಬಾಲ ಮಾತ್ರ ಸಿಗುತ್ತದೆ. ದಾರಿಗೆ ಓರೆಯಾಗಿ, ಅರ್ಧ ಮೂಲೆಗೆ ತಿರುಗಿಸಿ ಕಟ್ಟಿ. ಆಗ ಜಿಂಕೆ ನೋಟದೊಳಗೆ ಹೆಚ್ಚು ಹೊತ್ತು ಇರುತ್ತದೆ. ದಾರಿಯಿಂದ ದೂರ ಮೂರರಿಂದ ಐದು ಮೀಟರ್. ಮುಖ ಪೂರ್ವಕ್ಕೂ ಬೇಡ, ಪಶ್ಚಿಮಕ್ಕೂ ಬೇಡ. ಜಿಂಕೆ ಓಡಾಡುವ ಹೊತ್ತಿಗೇ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಉತ್ತರಕ್ಕೆ ಮುಖ ಮಾಡಿದರೆ ಕ್ಷೇಮ. ಎದುರಿನ ಹುಲ್ಲು, ತೂಗುವ ಕೊಂಬೆ ಸವರಿ. ಸಣ್ಣ ಗಿಡಕ್ಕೆ ಕಟ್ಟಬೇಡಿ, ಗಾಳಿಗೆ ಕ್ಯಾಮೆರಾವೇ ತೂಗುತ್ತದೆ. ದಪ್ಪ ಮರ, ಇಲ್ಲವೇ ಗಟ್ಟಿಯಾಗಿ ನೆಟ್ಟ ಕಲ್ಲುಕಂಬ ಒಳ್ಳೆಯದು.

ಕಟ್ಟಿದ ಮೇಲೆ ಟೆಸ್ಟ್ ಮೋಡಿಗೆ ಹಾಕಿ, ಜಿಂಕೆ ಬರುವ ದಾರಿಯಲ್ಲಿ ನೀವೇ ಬಗ್ಗಿ ನಡೆದು ನೋಡಿ. ಸಣ್ಣ ದೀಪ ಮಿನುಗಿದರೆ ನಿಮ್ಮನ್ನು ಹಿಡಿಯಿತು ಎಂದರ್ಥ. ಅಕ್ಕಪಕ್ಕದವರು ನೋಡಿ ನಕ್ಕರೆ ನಗಲಿ. ಮಳೆಗಾಲವಾದರೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಒಂದಿರಲಿ, ಬಾಗಿಲಿನ ರಬ್ಬರಿನಲ್ಲಿ ಮಣ್ಣು, ಇರುವೆ ಇರದಂತೆ ಒರೆಸಿ. ಉಪ್ಪು, ಹಿಂಡಿ ಇಟ್ಟು ಜಿಂಕೆಯನ್ನು ಕರೆಯುವ ಉಪಾಯ ಮಾತ್ರ ಖಂಡಿತ ಬೇಡ. ಹೊಲಕ್ಕೆ ಬರಬೇಡ ಎಂದು ಕಾಯುವವರು ನಾವು, ಬಾ ಎಂದು ತಟ್ಟೆ ಇಡುವುದೇ?

ಕಾನೂನು, ಮತ್ತು ಸ್ವಲ್ಪ ಮರ್ಯಾದೆ

ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಚುಕ್ಕೆ ಜಿಂಕೆಯೂ ಇದೆ, ಕಡವೆಯೂ ಇದೆ. ಚೆನ್ನೈನ ಗಿಂಡಿಯಲ್ಲಿ ಜಿಂಕೆ, ಕೃಷ್ಣಮೃಗ ಎರಡೂ ಉಂಟು. ‘ಹಾಗಾದರೆ ಅಲ್ಲೇ ಒಂದು ಮರಕ್ಕೆ ಕಟ್ಟಿದರಾಯ್ತು’ ಅಂದುಕೊಂಡಿರಾ? ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಸುಮ್ಮನೆ ಹೊಕ್ಕು ಏನಾದರೂ ಕಟ್ಟಿ ಬರುವಂತಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ನಿಮ್ಮ ಕ್ಯಾಮೆರಾ ನಿಮ್ಮ ಸ್ವಂತ ಜಮೀನಿನಲ್ಲಿರಲಿ, ಮುಖವೂ ನಿಮ್ಮ ಜಮೀನಿನ ಕಡೆಗೇ ಇರಲಿ.

ಇನ್ನೊಂದು ಮಾತು, ಇದು ಕಾನೂನಿಗಿಂತ ದೊಡ್ಡದು. ಉತ್ತರಾಖಂಡದ ಕಾರ್ಬೆಟ್ ಪ್ರದೇಶದಲ್ಲಿ ಪ್ರಾಣಿಗಳಿಗೆಂದು ಇಟ್ಟ ಕ್ಯಾಮೆರಾಗಳು ಕಾಡಿಗೆ ಹೋಗುವ ಹಳ್ಳಿಯ ಹೆಂಗಸರ ಮೇಲೆ ಕಣ್ಣಿಡುವ ಸಾಧನಗಳಾದವು, ಅವರ ಫೋಟೋಗಳು ಹರಿದಾಡಿ ಮಾನಸಿಕ ಹಿಂಸೆಯಾಯಿತು ಎಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ನಮ್ಮೂರುಗಳಲ್ಲೂ ಹೊಲದ ಬದಿ, ಹಳ್ಳದ ದಂಡೆ ಎಂದರೆ ಹೆಂಗಸರು ಓಡಾಡುವ ಜಾಗ. ಅಲ್ಲಿಗೆ ಕ್ಯಾಮೆರಾದ ಮುಖ ತಿರುಗಿಸಬಾರದು. ಕಟ್ಟುವ ಮುಂಚೆ ಅಕ್ಕಪಕ್ಕದ ಮನೆಯವರಿಗೆ ಹೇಳಿ. ಅಣ್ಣನ ಹೊಲದ ಕ್ಯಾಮೆರಾವನ್ನು ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಮಾತ್ರ ಕೆಲಸ ಮಾಡುವಂತೆ ಇಟ್ಟಿದ್ದೇವೆ. ಆ ಸೆಟ್ಟಿಂಗ್ ಹೆಚ್ಚಿನ ಕ್ಯಾಮೆರಾಗಳಲ್ಲಿ ಇರುತ್ತದೆ. ಅಕಸ್ಮಾತ್ ಯಾರದಾದರೂ ಫೋಟೋ ಬಂದರೆ ಕೂಡಲೇ ಅಳಿಸಿಬಿಡಿ. ದೊಡ್ಡ ಕೊಂಬಿನ ಜಿಂಕೆಯ ಫೋಟೋವನ್ನು ಜಾಗದ ಹೆಸರು ಸಮೇತ ಎಲ್ಲರಿಗೂ ಕಳಿಸುವುದೂ ಬೇಡ. ಬೇಟೆಗಾರನಿಗೆ ಅದೇ ವಿಳಾಸದ ಚೀಟಿ.

ಕೊನೆಗೆ ಹುರುಳಿ ತಿಂದದ್ದು ಯಾರು?

ಮೂರನೇ ಸಲ ಎಲ್ಲ ಸರಿ ಮಾಡಿ ಕಟ್ಟಿದೆವು. ಹದಿನೈದು ದಿನದ ಫೋಟೋಗಳನ್ನು ಅಣ್ಣನ ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಳು: ತಾರೀಕು, ಸಮಯ, ಪ್ರಾಣಿ, ಎಷ್ಟು. ಬರೆದು ಮುಗಿಸಿದಾಗ ನಮಗೆಲ್ಲ ಆಶ್ಚರ್ಯ. ಜಿಂಕೆ ಬಂದದ್ದು ಆರು ದಿನ ಮಾತ್ರ. ಆರೂ ದಿನವೂ ಬೆಳಗಿನ ಜಾವ ಐದರಿಂದ ಆರೂವರೆಯೊಳಗೆ. ಎಲ್ಲ ಸಲವೂ ಬಂದದ್ದು ಪಶ್ಚಿಮದ ಬೇಲಿಯಲ್ಲಿ ಬಿದ್ದುಹೋಗಿದ್ದ ಒಂದೇ ಸಂದಿನಿಂದ. ನಡುರಾತ್ರಿಯ ಹಾವಳಿಯೆಲ್ಲ ಕಾಡುಹಂದಿಯದು. ಬೈಗುಳವೆಲ್ಲ ಜಿಂಕೆಗೆ, ಊಟವೆಲ್ಲ ಹಂದಿಗೆ! ಒಂದು ರಾತ್ರಿ ಎರಡೂವರೆಗೆ ಒಂಟಿ ಸಲಗವೊಂದು ಅಟ್ಟಣೆಯ ಬುಡದಲ್ಲೇ ಹಾದುಹೋಗಿತ್ತು. ಅಂದು ಅಣ್ಣ ಜ್ವರವೆಂದು ಮನೆಯಲ್ಲಿ ಮಲಗಿದ್ದ. ಆ ಫೋಟೋ ನೋಡಿ ಅತ್ತಿಗೆ ಬಹಳ ಹೊತ್ತು ಮಾತಾಡಲಿಲ್ಲ.

ಒಂದು ಎಚ್ಚರಿಕೆ ಇಲ್ಲಿ ಹೇಳಬೇಕು. ಕ್ಯಾಮೆರಾ ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ನಿಜವನ್ನೂ ಹೇಳುವುದಿಲ್ಲ. 60 ಜಿಂಕೆ ಫೋಟೋ ಎಂದರೆ 60 ಜಿಂಕೆ ಅಲ್ಲ. ಅದೇ ಎಂಟು ಜಿಂಕೆ ಮತ್ತೆ ಮತ್ತೆ ಬಂದಿರಬಹುದು. ಹುಲಿಯ ಪಟ್ಟೆ ಗುರುತು ಹಿಡಿದಷ್ಟು ಸುಲಭವಾಗಿ ಜಿಂಕೆಯ ಚುಕ್ಕೆ ಗುರುತು ಹಿಡಿಯಲಾಗದು. ಒಂದೇ ಫೋಟೋದಲ್ಲಿ ಒಟ್ಟಿಗೆ ಕಂಡ ಅತಿ ಹೆಚ್ಚು ಸಂಖ್ಯೆಯನ್ನು ಬರೆದುಕೊಳ್ಳಿ. ‘ಕನಿಷ್ಠ ಇಷ್ಟಿವೆ’ ಎನ್ನುವುದಕ್ಕೆ ಅದು ಆಧಾರ. ಹಾಗೆಯೇ ಫೋಟೋ ಇಲ್ಲದ ರಾತ್ರಿ ಯಾರೂ ಬರಲಿಲ್ಲ ಎಂದೂ ಅಲ್ಲ, ಕ್ಯಾಮೆರಾದ ಮುಂದೆ ಬರಲಿಲ್ಲ ಎಂದಷ್ಟೇ.

ಅಣ್ಣ ಬೇಲಿಯ ಸಂದಿಗೆ ಮುಳ್ಳು ಹೊಡೆದು ಬಿಗಿ ಮಾಡಿದ. ರಾತ್ರಿಯಿಡೀ ಕೂರುವುದನ್ನು ಬಿಟ್ಟ. ಈಗ ನಾಲ್ಕೂವರೆಗೆ ಎದ್ದು, ಬ್ಯಾಟರಿ ಹಿಡಿದು, ಜೊತೆಗೆ ಇನ್ನಿಬ್ಬರನ್ನು ಕರೆದುಕೊಂಡು ಬದುವಿನ ಮೇಲೆ ಸದ್ದು ಮಾಡುತ್ತಾ ಒಂದು ಸುತ್ತು ಹಾಕುತ್ತಾನೆ. ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ದಯಾತ್ಮಕ ಧನ ಕೊಡುವ ಪದ್ಧತಿ ಇದೆ. ಅರ್ಜಿಯ ಜೊತೆಗೆ ಕೊಡಲು ಈಗ ತಾರೀಕು ಬಿದ್ದ ಫೋಟೋಗಳೂ ಇವೆ. ಹುರುಳಿ ಪೂರ್ತಿ ಉಳಿಯಿತೇ ಎಂದರೆ ಇಲ್ಲ. ಹಂದಿಗಳು ತಮ್ಮ ಪಾಲು ತಿಂದೇ ತಿಂದವು. ಆದರೆ ಕರೆಂಟಿನ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಮನೆಯವರು ನಿದ್ದೆ ಮಾಡುತ್ತಿದ್ದಾರೆ. ನಾನೂ.

ಕತ್ತರಿಸಿ ಇಟ್ಟುಕೊಳ್ಳಿ

ಸಮಯ: 24 ಗಂಟೆಯ ಲೆಕ್ಕ, ಫೋಟೋ ಮೇಲೆ ಅಚ್ಚು ಆನ್.
ಬಗೆ: ಫೋಟೋ. ಬೇಲಿಯ ಸಂದಿಗೆ ಮಾತ್ರ 10-15 ಸೆಕೆಂಡ್ ವಿಡಿಯೋ.
ಸಲಕ್ಕೆ: 3 ಫೋಟೋ.
ಬಿಡುವು: ಕಾಲುದಾರಿಗೆ 5-10 ಸೆಕೆಂಡ್, ಮೇಯುವ ಜಾಗಕ್ಕೆ 1-2 ನಿಮಿಷ.
ಸೂಕ್ಷ್ಮತೆ: ಬೇಸಿಗೆಗೆ ಹೈ, ಚಳಿಗೂ ಗಾಳಿಗೂ ಮೀಡಿಯಂ.
ಅಳತೆ: 4-8 ಮೆಗಾಪಿಕ್ಸೆಲ್.
ದೀಪ: ಕಳ್ಳರ ಭಯವಿದ್ದಲ್ಲಿ 940, ಬಯಲಿಗೆ 850. ಹತ್ತಿರಕ್ಕೆ ಬೆಳಕು ಕಡಿಮೆ.
ಟೈಮ್ ಲ್ಯಾಪ್ಸ್: ಬೆಳಿಗ್ಗೆ, ಸಂಜೆ, 5 ನಿಮಿಷಕ್ಕೊಂದು.
ಎತ್ತರ: 60-80 ಸೆಂಟಿಮೀಟರ್. ದೂರ: 3-5 ಮೀಟರ್. ದಾರಿಗೆ ಓರೆಯಾಗಿ, ಮುಖ ಉತ್ತರಕ್ಕೆ.
ಜಾಗ: ಸ್ವಂತ ಜಮೀನು ಮಾತ್ರ. ನೆರೆಯವರಿಗೆ ತಿಳಿಸಿ.

ಮುಂದಿನ ಸಲ ಊರಿಗೆ ಹೊರಟಾಗ ಚೀಲದಲ್ಲಿ ಮಿಠಾಯಿ ಪೊಟ್ಟಣದ ಪಕ್ಕ ಈ ಚೀಟಿಯೂ ಇರಲಿ. ನಿಮ್ಮ ಹೊಲಕ್ಕೆ, ತೋಟಕ್ಕೆ ಬಂದ ಅತಿಥಿ ಯಾರೆಂದು ಗೊತ್ತಾದರೆ ನಮಗೂ ಒಂದು ಕಾಗದ ಬರೆಯಿರಿ. ಕಾರ್ಯಕ್ರಮದಲ್ಲಿ ಓದೋಣ. ಬರಲೇ? ನಮಸ್ಕಾರ.